ನೀವೇ ಮೊದಲು ಎತ್ತಿಕೊಳ್ಳಿ

ನನ್ನ ಬೀಗತಿಯ ಬಗ್ಗೆ ನನಗೆ ಹೇಳದವರಿಲ್ಲ. ಅವರನ್ನು ಕಣ್ಣಾರೆ ಕಂಡವರು ಮಾತ್ರ ಒಬ್ಬರೂ ಇರಲಿಲ್ಲ.

ಮಗಳು ಹಾಲೆಂಡಿನ ಲೈಡನ್ನಿನಲ್ಲಿ ಔಷಧ ಸಂಶೋಧನೆಯ ಕೆಲಸದಲ್ಲಿದ್ದಾಳೆ. ಜೊತೆಗೆ ಕೆಲಸ ಮಾಡುವ ಲೆಬನಾನಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಅವಳು ಫೋನಿನಲ್ಲಿ ಹೇಳಿದಾಗ ನಾನು ಗದಗಿನಲ್ಲಿ ನಮ್ಮ ಖಾನಾವಳಿಯ ಒಲೆಯ ಮುಂದಿದ್ದೆ. ಲೆಬನಾನ್ ಯಾವ ದಿಕ್ಕಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಪುಸ್ತಕ ಆ ದೇಶದ ತನಕ ಹೋಗುವ ಮೊದಲೇ ರೊಟ್ಟಿ ಬಡಿಯಲು ಕೂತಿದ್ದೆ. ಆದರೆ ಊಟಕ್ಕೆ ಬರುವವರಿಗೆ ಎಲ್ಲ ಗೊತ್ತಿತ್ತು. ಅದು ಬರೀ ಮರಳುಗಾಡು ಎಂದರು ಒಬ್ಬರು. ಮನೆಗೊಂದು ಬಂದೂಕು ಇರುತ್ತದೆ ಎಂದರು ಇನ್ನೊಬ್ಬರು. ದುಬೈಯಲ್ಲಿ ದುಡಿದು ಬಂದಿದ್ದ ನನ್ನ ತಮ್ಮನ ಮಗನಂತೂ ಅವರನ್ನು ಅರೆದು ಕುಡಿದವನ ಹಾಗೆ ಮಾತಾಡಿದ.

"ಅತ್ತಿ, ಅವರು ಭಾರಿ ಶೋಕಿ ಮಂದಿ. ಮಾತಂದ್ರ ಬೆಣ್ಣಿ. ಬೋಡ ತಲಿಯವಗೂ ಬಾಚಣಿಕಿ ಮಾರಿ ಬರ್ತಾರ."

"ನಿನಗೇನ್ ಮಾರಿದ್ರೋ?"

"ನನಗೇನೂ ಮಾರಿಲ್ಲ. ನಾ ಅವರ ಗಾಡಿ ತೊಳಿತಿದ್ದೆ."

ಮದುವೆ ಲೈಡನ್ನಿನ ನಗರಸಭೆಯ ಕಚೇರಿಯಲ್ಲಿ ಆಯಿತು. ನನಗೂ ವೀಸಾ ಸಿಗಲಿಲ್ಲ, ಬೀಗತಿಗೂ ಸಿಗಲಿಲ್ಲ. ಇಬ್ಬರೂ ನಮ್ಮ ನಮ್ಮ ಊರಿನಲ್ಲಿ ಕೂತು ಫೋನಿನಲ್ಲೇ ಅಕ್ಷತೆ ಹಾಕಿದೆವು. ಅವರು ಹಾಕಿದ್ದು ಅಕ್ಷತೆಯಲ್ಲ, ಬಾಯಿಯಿಂದ ಹಕ್ಕಿಯ ಹಾಗೆ ಒಂದು ಕೂಗು. ಅದು ಅವರ ಕಡೆಯ ಪದ್ಧತಿಯಂತೆ. ಆಮೇಲೆ ಅಳಿಯ ಗದಗಿಗೆ ಬಂದ. ಶೋಕಿ ಎಂದರೆ, ಅಂಗಿಯ ಕಾಲರು ಸವೆದಿತ್ತು. ಬೆಣ್ಣೆ ಮಾತು ಎಂದರೆ, ಎರಡು ದಿನಕ್ಕೆ ನಾಲ್ಕು ಮಾತಾಡಿದ. ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು ತಿಂದು, ಕಣ್ಣಲ್ಲಿ ಧಾರಾಳ ನೀರು ಹರಿಯುತ್ತಿದ್ದರೂ ಕುಡಿಯಲು ನೀರು ಕೇಳಲಿಲ್ಲ. ಮೊದಲು ಬಂದೂಕಿನ ಮಾತಾಡಿದ್ದ ಗಿರಾಕಿಯೇ ಪಕ್ಕದ ಮೇಜಿನಿಂದ ಇದನ್ನು ನೋಡಿ, "ಏನs ಅನ್ರಿ, ಗಟ್ಟಿ ಮಂದಿ ಅವರು" ಎಂದರು. ಇದನ್ನು ನಾನು ಮುಂದೆಯೂ ಕಂಡೆ. ಅವರ ಬಗ್ಗೆ ಒಂದು ಮಾತು ಸುಳ್ಳಾದರೆ ಅದರ ಜಾಗಕ್ಕೆ ಇನ್ನೊಂದು ತಯಾರಾಗಿಯೇ ಇರುತ್ತದೆ. ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ.

ಈ ಬೇಸಿಗೆಯಲ್ಲಿ ಮಗಳ ಹೆರಿಗೆಗೆಂದು ನಾನು ಲೈಡನ್ನಿಗೆ ಬಂದೆ. ಹೆಣ್ಣುಕೂಸು ಎಂದು ಸ್ಕ್ಯಾನಿಂಗಿನವರು ಮೊದಲೇ ಹೇಳಿದ್ದರು. ಮೊಮ್ಮಗಳು ಬರುತ್ತಾಳೆ ಎಂದು ವಿಮಾನದಲ್ಲಿ ಪಕ್ಕದ ಸೀಟಿನವನಿಗೂ ಹೇಳಿದೆ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಹೇಳದೆ ಇರಲು ನನ್ನಿಂದ ಆಗಲಿಲ್ಲ, ಅಷ್ಟೆ. ಬೀಗತಿ ಇನ್ನೊಂದು ವಾರಕ್ಕೆ ಬರುವವರಿದ್ದರು.

ಅವರಿಗಿಂತ ಮೊದಲು ಅವರ ಸುದ್ದಿ ಬಂತು. ತಂದವಳು ಮಗಳ ಗೆಳತಿ, ದ ಹೇಗ್‌ನಲ್ಲಿರುವ ಮೈಸೂರಿನ ಹುಡುಗಿ. ಅಲ್ಲಿನ ಇಂಡಿಯನ್ ಅಂಗಡಿಯಿಂದ ನನಗೆಂದು ಕರಿಬೇವು, ಮೆಂತ್ಯದ ಸೊಪ್ಪು ತಂದಿದ್ದಳು. ಒಳ್ಳೆಯ ಹುಡುಗಿ. ಟೀ ಕುಡಿಯುತ್ತ ದನಿ ತಗ್ಗಿಸಿ ಹೇಳಿದಳು.

"ಆಂಟಿ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಲೆಬನೀಸ್ ಅಜ್ಜೀರು ತುಂಬಾ ಡಾಮಿನೇಟಿಂಗು. ನಮ್ ಆಫೀಸಲ್ಲಿ ಒಬ್ಳಿದಾಳೆ, ಅವಳ ಅತ್ತೆ ಬಂದ್ರೆ ಮನೆ ಪೂರ್ತಿ ಅವ್ರದ್ದೇ. ಮಾತಾಡಿದ್ರೆ ಜಗಳ ಆಡ್ದಂಗಿರತ್ತೆ, ಅಷ್ಟು ಲೌಡು. ಕಸ ಹಾಕೋಕ್ ಹೋಗ್ಬೇಕಾದ್ರೂ ಲಿಪ್‌ಸ್ಟಿಕ್ ಹಾಕ್ಕೊಳ್ತಾರೆ. ಮಗು ಅಂತೂ ಅವ್ರ ಕೈಯಲ್ಲೇ. ನೀವು ದೂರದಿಂದ ನೋಡ್ತಾ ಕೂತ್ಕೋಬೇಕಷ್ಟೆ."

ಮಾತಾಡಿದರೆ ಜಗಳವಾಡಿದ ಹಾಗೆ ಇರುತ್ತದೆ ಎಂಬ ಮಾತು ನನಗೆ ಹೊಸದಲ್ಲ. ಮೈಸೂರು, ಬೆಂಗಳೂರು ಕಡೆಯವರು ನಮ್ಮ ಖಾನಾವಳಿಗೆ ಬಂದಾಗ ನಮ್ಮ ಬಗ್ಗೆಯೇ ಹೀಗೆ ಹೇಳಿ, ಮೊಸರು ಕೇಳಿ ಹಾಕಿಸಿಕೊಂಡು ಹೋಗುತ್ತಾರೆ. ಅದನ್ನು ಬಿಟ್ಟೆ. ಕೊನೆಯ ಮಾತು ಮಾತ್ರ ಎದೆಯಲ್ಲಿ ಕೂತಿತು. ನನಗೆ ಬೇಕಾಗಿದ್ದು ಒಂದೇ: ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳುವುದು. ವೀಸಾ ಮುಗಿದ ಮೇಲೆ ನಾನು ಫೋನಿನೊಳಗಿನ ಅಜ್ಜಿಯಾಗುತ್ತೇನೆ. ಫೋನಿನೊಳಗಿನ ಅಜ್ಜಿಗೆ ತೊಡೆ ಇರುವುದಿಲ್ಲ. ಇರುವಷ್ಟು ದಿನದಲ್ಲಿ ನನ್ನ ಪಾಲು ನನಗೆ ಸಿಗಬೇಕು. ಸಿಗದಿದ್ದರೆ ಕೇಳುವುದು ಹೇಗೆ? ಅವರು ಗಂಡಿನ ತಾಯಿ, ನಾನು ಹೆಣ್ಣು ಕೊಟ್ಟವಳು. ಲೈಡನ್ನಿಗೆ ಬಂದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಮರುದಿನ ಕೆಳಗಿನ ಮನೆಯ ಡಚ್ ಹೆಂಗಸು ಮೆಟ್ಟಿಲ ಹತ್ತಿರ ಅಳಿಯನನ್ನು ನಿಲ್ಲಿಸಿ, "ನಿನ್ನ ತಾಯಿ ಬಂದರೆಂದು ಕಾಣುತ್ತದೆ. ದನಿ ಕೇಳಿಸಿತು. ಲೆಬನಾನಿನವರ ಮನೆ ಎಂದರೆ ಹಾಗೇ ಅಲ್ಲವೇ, ಜೀವ ತುಂಬಿರುತ್ತದೆ" ಎಂದರಂತೆ. ಅವನ ತಾಯಿ ಇನ್ನೂ ವಿಮಾನವನ್ನೇ ಹತ್ತಿರಲಿಲ್ಲ. ಆ ದನಿ ನನ್ನದು. ಮೂವತ್ತು ವರ್ಷ ಒಲೆಯ ಮುಂದಿನಿಂದ ಕೊನೆಯ ಮೇಜಿಗೆ ಕೇಳುವ ಹಾಗೆ ಮಾತಾಡಿದ ಗಂಟಲು. ಊರಿಗೆ ಫೋನ್ ಮಾಡಿದರೆ ಫೋನು ಬೇಕಾಗುವುದೇ ಇಲ್ಲ ಎಂದು ಮಗಳು ನಗುತ್ತಾಳೆ. ಅಳಿಯ ಆ ಹೆಂಗಸನ್ನು ತಿದ್ದಲಿಲ್ಲ. ತಿದ್ದಿ ತಿದ್ದಿ ಸಾಕಾಗಿದೆ ಎಂದ. ಅವನ ದೇಶದ ಹೆಸರು ಕೇಳಿದೊಡನೆ ಅರ್ಧ ಮಂದಿ ಬಾಂಬಿನ ಬಗ್ಗೆ ಕೇಳುತ್ತಾರಂತೆ, ಇನ್ನರ್ಧ ಮಂದಿ ರಾತ್ರಿಯ ಕುಣಿತದ ಬಗ್ಗೆ. ಆಫೀಸಿನಲ್ಲಿ ಪಾರ್ಟಿ ಎಂದರೆ ಕಡಲೆ ಅರೆದು ಮಾಡುವ ಹುಮ್ಮುಸ್ ತರುವ ಕೆಲಸ ಅವನದೇ. ಅವನಿಗೆ ಕಡಲೆ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ.

ಬೀಗತಿ ಬಂದರು. ಎತ್ತರದ ಹೆಂಗಸು, ಕೂದಲು ಒಂದೂ ಅಲುಗದ ಹಾಗೆ ಕೂತಿತ್ತು. ತುಟಿಗೆ ಬಣ್ಣ ಇತ್ತು. ಇದು ನಿಜವಾಯಿತಲ್ಲ ಎಂದುಕೊಂಡೆ. ಆದರೆ ಬಾಯಿ ಬಿಟ್ಟಾಗ ಬಂದ ದನಿ, ದೇವರ ಕೋಣೆಯಲ್ಲಿ ಮಾತಾಡುವವರದು. ಅವರೂರಿನ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸಿದವರಂತೆ. ಅವರು ಅರಬ್ಬಿಯಲ್ಲಿ ಹೇಳಿದ್ದನ್ನು ಅಳಿಯ ಮಗಳಿಗೆ ಇಂಗ್ಲಿಷಿನಲ್ಲಿ ಹೇಳಬೇಕು, ಮಗಳು ನನಗೆ ಕನ್ನಡದಲ್ಲಿ ಹೇಳಬೇಕು. ಅವರು ಕೈಯನ್ನು ಎದೆಯ ಮೇಲಿಟ್ಟು ಬಹಳ ಹೊತ್ತು ಮಾತಾಡಿದರು. ಅಳಿಯ ಅದರ ಅರ್ಧ ಹೇಳಿದ.

"ಏನಂದ್ರು?" ಎಂದೆ ಮಗಳಿಗೆ.

"ಆರಾಮ್ ಇದ್ದೀರೇನು ಅಂದ್ರು."

"ಅಷ್ಟುದ್ದ?"

"ಅವ್ವಾ, ನನಗ ಬ್ಯಾನಿ ಬಂದಂಗ ಆಗಾಕತ್ತೈತಿ. ಉಳಿದದ್ದು ನೀವಿಬ್ಬರೂ ನೋಡ್ಕೊಳ್ರಿ."

ಅದು ಸುಳ್ಳು ಬೇನೆ, ಆವತ್ತು ಏನೂ ಆಗಲಿಲ್ಲ. ಆದರೆ ಅಂದಿನಿಂದ ಹೆಚ್ಚಿನ ಹೊತ್ತು ನಾವಿಬ್ಬರೂ ದುಭಾಷಿಗಳಿಲ್ಲದೆಯೇ ಇದ್ದೆವು. ಅವರ ಪೆಟ್ಟಿಗೆಯಲ್ಲಿ ಎಣ್ಣೆ, ಆಲಿವ್ ಕಾಯಿ, ಒಣಸೊಪ್ಪಿನ ಪುಡಿ. ನನ್ನದರಲ್ಲಿ ಬಾಣಂತಿಯ ಉಂಡಿಗೆ ಹಾಕುವ ಅಂಟು, ಒಣಕೊಬ್ಬರಿ, ಶೇಂಗಾ ಚಟ್ನಿ, ಕಟಕ ರೊಟ್ಟಿ. ಎರಡೂ ಪೆಟ್ಟಿಗೆಗಳನ್ನು ಏರ್‌ಪೋರ್ಟಿನಲ್ಲಿ ಬಿಚ್ಚಿಸಿ ನೋಡಿದ್ದರು. ಅವರು ಒಣಸೊಪ್ಪಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ನನ್ನ ಕಟಕ ರೊಟ್ಟಿಯ ಮೇಲೆ ಹಚ್ಚಿದರು. ನಮ್ಮ ಗುರೆಳ್ಳು ಚಟ್ನಿಯ ಹತ್ತಿರದ ಸಂಬಂಧಿ ಅದು.

ಕಷ್ಟ ಶುರುವಾಗಿದ್ದು ಮರ್ಯಾದೆಯಿಂದ. ನಮ್ಮ ಕಡೆ ಬೀಗರನ್ನು ಬಿಟ್ಟು ಮೊದಲು ಹೆಜ್ಜೆ ಇಡುವುದಿಲ್ಲ, ಮೊದಲು ತುತ್ತು ಎತ್ತುವುದಿಲ್ಲ. ಅವರ ಕಡೆಯೂ ಹಾಗೆಯೇ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಷ್ಟೆಲ್ಲ ಹೇಳಿದವರು ಇದೊಂದನ್ನು ಬಿಟ್ಟಿದ್ದರು. ಅವರು ‘ತಫದ್ದಲಿ’ ಎಂದು ಕೈ ಚಾಚುತ್ತಾರೆ, ಎಂದರೆ ದಯಮಾಡಿ ನೀವು ಎಂದು. ನಾನು "ಇಲ್ರಿ, ನೀವ್ ನಡೀರಿ" ಎನ್ನುತ್ತೇನೆ. ಅವರು ಮತ್ತೆ ತಫದ್ದಲಿ. ಲಿಫ್ಟಿನ ಮುಂದೆ ನಿಂತು ಹೀಗೆ ಮಾಡುತ್ತಿರುವಾಗ ಬಾಗಿಲು ಮುಚ್ಚಿ, ಲಿಫ್ಟು ತಾನೊಂದೇ ಕೆಳಗೆ ಹೋಯಿತು. ತಟ್ಟೆಯಲ್ಲಿ ಉಳಿದ ಕೊನೆಯ ತುಂಡನ್ನು ಇಬ್ಬರೂ ಮುಟ್ಟದೆ ಅದು ಸಂಜೆಯ ತನಕ ಒಣಗುತ್ತದೆ. ಖಾನಾವಳಿಯಲ್ಲಿ ಬೇಡ ಬೇಡ ಎಂದವರಿಗೆ ರೊಟ್ಟಿ ಹಾಕುವುದು ನನಗೆ ಗೊತ್ತು. ಬೇಡ ಎನ್ನುವವರ ಮುಖದಲ್ಲೇ ಬೇಕು ಎಂದು ಬರೆದಿರುತ್ತದೆ. ಆದರೆ ಇಲ್ಲಿ ಎದುರಿಗೆ ಕೂತವರೂ ಬಡಿಸುವವರೇ. ಬಡಿಸಿಕೊಳ್ಳುವವರು ಯಾರೂ ಇಲ್ಲ.

ಅವರು ಬಂದ ಸುದ್ದಿ ತಿಳಿದು ಕೆಳಗಿನ ಮನೆಯ ಹೆಂಗಸು ಒಂದು ಸಂಜೆ ಬಂದು ಕೂತರು. ಡಚ್ಚರ ಪ್ರಶ್ನೆಗೆ ಸುತ್ತುಬಳಸು ಇರುವುದಿಲ್ಲ.

"ಇಲ್ಲಿ ನಿಮಗೆ ಚಳಿ ಆಗುತ್ತಿರಬೇಕು. ನೀವು ಮರಳುಗಾಡಿನಿಂದ ಬಂದವರು."

ಅಳಿಯ ಅದನ್ನು ಅರಬ್ಬಿಗೆ ತಿರುಗಿಸುವ ಮೊದಲೇ ಅವನ ಮುಖ ಕೆಂಪಾಯಿತು. ಬೀಗತಿ ನಿಧಾನವಾಗಿ ಉತ್ತರ ಕೊಟ್ಟರು. ಅವರದು ಬೆಟ್ಟದ ಊರಂತೆ. ಚಳಿಗಾಲದಲ್ಲಿ ಕಿಟಕಿಯ ತನಕ ಹಿಮ ಬಿದ್ದು ಶಾಲೆಗೆ ರಜೆ ಕೊಡುತ್ತಿದ್ದರಂತೆ. ಅಂಥ ಹಿಮವನ್ನು ಹಾಲೆಂಡಿನಲ್ಲಿ ನೋಡಲು ಸಿಗುತ್ತದೆಯೇ ಎಂದು ಅವರೇ ಕೇಳಿದರು. ಸಿಗುವುದಿಲ್ಲ ಎಂದು ಆ ಹೆಂಗಸು ಒಪ್ಪಿಕೊಂಡರು.

"ಒಂಟೆಗಳಾದರೂ ಇವೆಯೇ?"

"ಒಂದನ್ನು ನೋಡಿದ್ದೇನೆ. ಮೊನ್ನೆ, ಇಲ್ಲಿಯ ಮೃಗಾಲಯದಲ್ಲಿ, ಮಗ ತೋರಿಸಿದ."

ಆ ಹೆಂಗಸು ಮನಸಾರೆ ನಕ್ಕರು. ನಕ್ಕು ಮುಗಿದ ಮೇಲೆ ಬೀಗತಿಯ ಕೈ ಹಿಡಿದು, ಏನೆಲ್ಲ ಕಷ್ಟಪಟ್ಟಿದ್ದೀರಿ, ನಿಮ್ಮ ಜನ ಎಷ್ಟು ಧೈರ್ಯವಂತರು ಎಂದರು. ಬೀಗತಿ ಕೈ ಬಿಡಿಸಿಕೊಳ್ಳಲಿಲ್ಲ. ಆ ಹೆಂಗಸು ಹೋದ ಮೇಲೆ ಬೀಗತಿ ಅಳಿಯನ, ಮಗಳ ಮೂಲಕ ನನಗೆ ಹೇಳಿದರು: ಧೈರ್ಯವಂತರು ಎನ್ನುವವರು ಯಾರೂ ನಮ್ಮ ಊರಿನಲ್ಲಿ ಕರೆಂಟು ದಿನಕ್ಕೆ ಎಷ್ಟು ಹೊತ್ತು ಇರುತ್ತದೆ ಎಂದು ಕೇಳುವುದಿಲ್ಲ. ನಾನು ಕೇಳಿದೆ. ನಮ್ಮ ಊರಿನ ಲೋಡ್‌ಶೆಡ್ಡಿಂಗಿನ ಕಥೆಯನ್ನೂ ಹೇಳಿದೆ. ಫ್ರಿಜ್ಜಿನ ಹಾಲು, ಮಿಕ್ಸರಿನಲ್ಲಿ ಅರ್ಧಕ್ಕೆ ನಿಂತ ಚಟ್ನಿ, ಜನರೇಟರ್‌ನವನ ದೌಲತ್ತು. ಆ ಸಂಜೆ ಅಳಿಯ, ಮಗಳು ಇಬ್ಬರೂ ತಿರುಗಿಸಿ ತಿರುಗಿಸಿ ಸೋತರು. ನಮಗೆ ಮಾತು ಮುಗಿಯಲಿಲ್ಲ.

ತುಟಿಯ ಬಣ್ಣದ ಬಗ್ಗೆಯೂ ಕೇಳಿಬಿಟ್ಟೆ. ಕಸದ ಚೀಲ ಹಿಡಿದು ಹೊರಟಾಗ ಅವರು ನಿಜವಾಗಿಯೂ ಕನ್ನಡಿಯ ಮುಂದೆ ನಿಲ್ಲುತ್ತಾರೆ. "ದಾರಿಯಲ್ಲಿ ಸಿಕ್ಕವರು ನನ್ನ ಮುಖ ನೋಡಲೇಬೇಕಲ್ಲ, ಅವರ ತಪ್ಪೇನು?" ಎಂದರು. ನಾನು ತಲೆಗೆ ಸೆರಗು ಸರಿಮಾಡಿಕೊಂಡೆ.

ಇಷ್ಟೆಲ್ಲ ಆದರೂ ನನ್ನ ಎದೆಯೊಳಗಿನ ಮಾತು ಹೋಗಿರಲಿಲ್ಲ. ಅವರು ಕೂಸಿಗೆಂದು ಹೆಣೆದು ತಂದ ಹಳದಿ ಸ್ವೆಟರಿನ ತೋಳನ್ನು ಬೆರಳಿನಿಂದ ನೇವರಿಸುವುದನ್ನು ನಾನು ನೋಡುತ್ತಿದ್ದೆ. ನಾನು ಹೊಲಿದು ತಂದ ಕುಲಾವಿಯನ್ನು ಮಡಿಚಿ ಮಡಿಚಿ ಇಡುವುದನ್ನು ಅವರೂ ನೋಡುತ್ತಿದ್ದರು.

ಕೂಸು ಹುಟ್ಟಿದ್ದು ಬೆಳಗಿನ ಹೊತ್ತು. ಇಲ್ಲಿ ಆಸ್ಪತ್ರೆಯವರು ಬಾಣಂತಿಯನ್ನು ಇಟ್ಟುಕೊಳ್ಳುವುದಿಲ್ಲ. ಮಧ್ಯಾಹ್ನಕ್ಕೆಲ್ಲ ಮನೆಗೆ ಕಳಿಸಿದರು. ಅಳಿಯ ಕೂಸನ್ನು ಕಾರಿನ ತೊಟ್ಟಿಲಿನಲ್ಲಿಟ್ಟುಕೊಂಡು, ತುಂಬಿದ ಕೊಡ ಹೊತ್ತವನ ಹಾಗೆ ಮೆಲ್ಲಗೆ ಒಳಗೆ ಬಂದ. ಮಗಳಿಗೆ ನಾನು ಅನ್ನದ ನೀರು ಇಳಿಸಿ ದೃಷ್ಟಿ ತೆಗೆದೆ, ಬೀಗತಿಯೂ ಹಾಗೆಯೇ ಏನೋ ಮಂತ್ರಿಸಿ ಹಣೆಗೆ ಮುತ್ತಿಟ್ಟರು. ಮಗಳು ಹೋಗಿ ಮಲಗಿದಳು. ಅಳಿಯ ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಮ್ಮಿಬ್ಬರ ನಡುವೆ ನಿಂತ. ಕೆಂಪು ಮುಖ, ತಲೆ ತುಂಬ ಕಪ್ಪು ಕೂದಲು, ಮುಚ್ಚಿದ ಮುಷ್ಟಿ.

ಅಂಗೈ ತುರಿಸುತ್ತಿತ್ತು. ಆದರೆ ಗಂಡಿನ ತಾಯಿಯನ್ನು ದಾಟಿ ಕೈ ಚಾಚುವುದು ಹೇಗೆ? "ನೀವs ಮೊದಲ ತಗೊಳ್ರಿ" ಎಂದೆ. ಬೀಗತಿ ತಲೆ ಅಲ್ಲಾಡಿಸಿ, ‘ತಫದ್ದಲಿ’ ಎಂದರು. ಅವರ ಊರಿನಲ್ಲಿ ಮೊದಲ ಹಕ್ಕು ಹೆತ್ತವಳ ತಾಯಿಯದು ಎಂದು ನನಗೆ ಗೊತ್ತಾಗಿದ್ದು ಆಮೇಲೆ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರೂ ಸರಿದರು. ಅಳಿಯ ಒಮ್ಮೆ ಅವರ ಕಡೆ ತಿರುಗಿದ, ಒಮ್ಮೆ ನನ್ನ ಕಡೆ ತಿರುಗಿದ. ಇನ್ನೊಂದು ಸಲ ಒತ್ತಾಯ ಮಾಡಿದರೆ ತೆಗೆದುಕೊಂಡುಬಿಡುತ್ತೇನೆ ಎಂದು ನಾನು ಕಾಯುತ್ತಿದ್ದೆ. ಅವರೂ ಅದನ್ನೇ ಕಾಯುತ್ತಿದ್ದರೆಂದು ಅವರ ಕೈಯೇ ಹೇಳುತ್ತಿತ್ತು. ಅರ್ಧ ಮೇಲೆದ್ದು ಗಾಳಿಯಲ್ಲಿ ನಿಂತಿತ್ತು.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಕೆಳಗಿನ ಮನೆಯ ಹೆಂಗಸು. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ತಟ್ಟೆ. ತಟ್ಟೆಯಲ್ಲಿ ದುಂಡು ರಸ್ಕು, ಮೇಲೆ ಬೆಣ್ಣೆ, ಅದರ ಮೇಲೆ ಗುಲಾಬಿ ಬಣ್ಣದ ಸಕ್ಕರೆ ಹೊದ್ದ ಸೋಂಪಿನ ಕಾಳು. ಕೂಸು ಹುಟ್ಟಿದರೆ ಇಲ್ಲಿ ಅದನ್ನು ತಿನ್ನುತ್ತಾರೆ. ಹಂಚಬೇಕಾದವರು ಮನೆಯವರಂತೆ, ಆದರೆ ನಮಗೆ ತಿಳಿದಿರಲಿಕ್ಕಿಲ್ಲ ಎಂದು ತಾವೇ ತಂದಿದ್ದರು. ಕೂಸನ್ನು ಹಿಡಿದು ನಿಂತಿದ್ದ ಅಳಿಯ, ಮನೆಗೆ ಬಂದವರಿಗೆ ನೀರು ಬೇಕೇ ಎನ್ನುವ ಹಾಗೆ, ಬಾಯಿಮಾತಿಗೆ, ಎತ್ತಿಕೊಳ್ಳುತ್ತೀರಾ ಎಂದು ಕೇಳಿದ. ಗದಗಿನಲ್ಲಾಗಲಿ ಅವನ ಬೆಟ್ಟದಲ್ಲಾಗಲಿ ಇದಕ್ಕೆ ಉತ್ತರ ಒಂದೇ: ಬೇಡಪ್ಪಾ, ಅಜ್ಜಿಯರಿದ್ದಾರಲ್ಲ.

"ಯಾ" ಎಂದರು ಆ ಹೆಂಗಸು.

ಕೈ ತೊಳೆದುಕೊಂಡು ಬಂದರು. ಒಳ್ಳೆಯ ಕುರ್ಚಿ ಹುಡುಕಿ ಕೂತರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ‘ಕೇಳಿದರು, ಹೌದು ಎಂದೆ, ಎತ್ತಿಕೊಂಡೆ’ ಎನ್ನುವ ಹಾಗೆ ಕೂತಿದ್ದರು. ಅವರ ಮುಖದಲ್ಲಿ ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಮೂಗು ಲೆಬನಾನಿನದು ಎಂದರು. ಕಣ್ಣು ಬಿಡಲಿ, ಇಂಡಿಯಾದ್ದು ಎಷ್ಟು ಎಂದು ಆಗ ನೋಡೋಣ ಎಂದರು. ಅಜ್ಜಿಯರಿಬ್ಬರೂ ಗೋಡೆಗೆ ಬೆನ್ನು ಕೊಟ್ಟು, ತಟ್ಟೆ ಹಿಡಿದು, ಸೋಂಪಿನ ರಸ್ಕು ತಿನ್ನುತ್ತ ನಿಂತೆವು. ಅದು ಕರುಂ ಎಂದು ಸದ್ದು ಮಾಡುತ್ತದೆ.

ಅವರು ಎದ್ದು ಹೋಗುವುದರೊಳಗೆ ಬಾಣಂತಿ ನರ್ಸು ಬಂದಳು. ಇಲ್ಲಿ ಸರ್ಕಾರದ ಕಟ್ಟಳೆಯೇ ಹಾಗೆ, ಮೊದಲ ವಾರ ಅವಳು ಮನೆಗೇ ಬರುತ್ತಾಳೆ. ಕೂಸನ್ನು ತೂಗಿದಳು, ಜ್ವರ ನೋಡಿದಳು, ತಾಯಿಯ ಎದೆಗೆ ಹಚ್ಚಿದಳು, ತೊಟ್ಟಿಲಿಗೆ ಹಾಕಿದಳು. ಮಲಗಿದ ಕೂಸನ್ನು ಎತ್ತಬಾರದು ಎಂದು ನಮ್ಮಿಬ್ಬರಿಗೂ ಬೆರಳು ತೋರಿಸಿ ಹೋದಳು.

ಅಡಿಗೆಮನೆಯಲ್ಲಿ ಬೀಗತಿ ಮಗ್ಲಿ ಮಾಡಲು ನಿಂತರು. ಅಕ್ಕಿಹಿಟ್ಟು, ಸಕ್ಕರೆ, ಸೋಂಪು, ದಾಲ್ಚಿನ್ನಿ ಹಾಕಿ ಕಂದುಬಣ್ಣ ಬರುವ ತನಕ ತಿರುವುತ್ತಲೇ ಇರಬೇಕು. ಕೂಸು ನೋಡಲು ಬಂದವರಿಗೆಲ್ಲ ಅದನ್ನು ಕೊಡುತ್ತಾರಂತೆ. ಪಕ್ಕದ ಒಲೆಯಲ್ಲಿ ನಾನು ಉಂಡಿಗೆಂದು ಅಂಟು ಹುರಿಯುತ್ತಿದ್ದೆ. ಅವರು ಸೌಟು ತಿರುವುತ್ತ ಅರಬ್ಬಿಯಲ್ಲಿ ಏನೋ ಅಂದರು. ಅಳಿಯ ಸೋಫಾದ ಮೇಲಿನಿಂದ ಕಣ್ಣು ಮುಚ್ಚಿಕೊಂಡೇ ಇಂಗ್ಲಿಷಿನಲ್ಲಿ ಹೇಳಿದ. ಒಳಗಿನಿಂದ ಮಗಳು ಕೂಗಿದಳು.

"ಅವ್ವಾ, ಡಚ್ ಮಂದಿಗೆ ನಾಚಿಕಿ ಇಲ್ಲ ಅಂತಾರ ಅವರು. ಕೇಳಿದ್ ಕೂಡ್ಲೇ ತಗೊಂಡ್ ಬಿಡ್ತಾರ ಅಂತ."

"ಖರೇ ಐತಿ ಅಂತ ಹೇಳು. ದೇಶದ ತುಂಬ ಹಂಗs ಅವರು."

ಡಚ್ಚರ ಬಗ್ಗೆ ನಮ್ಮಿಬ್ಬರಿಗೂ ಎಲ್ಲ ಗೊತ್ತಾಗಿಬಿಟ್ಟಿತ್ತು. ಒಬ್ಬ ಹೆಂಗಸನ್ನು ನೋಡಿದ್ದೆವು, ಸಾಕಾಗಿತ್ತು.

ಸಂಜೆಯಾದರೂ ಬಿಸಿಲು ಕಿಟಕಿಯಲ್ಲೇ ಇತ್ತು. ತೊಟ್ಟಿಲಿನಲ್ಲಿ ಕೂಸು ಒಂದು ಸಣ್ಣ ಸದ್ದು ಮಾಡಿತು. ಅಳುವಲ್ಲ, ಅಳುವಿನ ತಯಾರಿ. ಮಗಳು ನಿದ್ದೆಯಲ್ಲಿದ್ದಳು, ಅಳಿಯ ಗೊರಕೆ ಹೊಡೆಯುತ್ತಿದ್ದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬೀಗತಿಯ ಬಾಯಿ ತೆರೆಯಿತು. ತಫದ್ದಲಿ ಎನ್ನುವ ಬಾಯಿ ಅದು, ನನಗೆ ಗುರುತು ಸಿಕ್ಕಿತು. ಅದು ಪೂರ್ತಿಯಾಗುವಷ್ಟರಲ್ಲಿ ನಾನು ತೊಟ್ಟಿಲಿನ ಹತ್ತಿರ ಇದ್ದೆ. ಸೆರಗು ಸಿಕ್ಕಿಸಿ, ಕೈ ಒರೆಸಿ, ಯಾರನ್ನೂ ಕೇಳದೆ ಎತ್ತಿಕೊಂಡು ಕೂತುಬಿಟ್ಟೆ.

ಬೀಗತಿ ಸೌಟು ಹಿಡಿದುಕೊಂಡೇ ಹತ್ತಿರ ಬಂದರು. ಆಮೇಲೆ ನಕ್ಕರು. ಅಷ್ಟು ಮೆತ್ತನೆಯ ದನಿಯ ಹೆಂಗಸಿನೊಳಗೆ ಅಂಥ ನಗು ಇರುತ್ತದೆ ಎಂದು ನಾನು ಎಣಿಸಿರಲಿಲ್ಲ. ಅಳಿಯ ಬೆಚ್ಚಿ ಎದ್ದ. ಒಲೆಯ ಮೇಲೆ ಮಗ್ಲಿ ತಳ ಹಿಡಿಯಿತು, ಅಂಟು ಕಪ್ಪಾಯಿತು. ಇಬ್ಬರೂ ಅತ್ತ ತಿರುಗಲಿಲ್ಲ.

ಕೂಸು ಬೆಚ್ಚಗಿತ್ತು. ಆಗತಾನೆ ಹೆಂಚಿನಿಂದ ತೆಗೆದು ಬಟ್ಟೆಯಲ್ಲಿ ಸುತ್ತಿದ ರೊಟ್ಟಿಗೆ ಇರುತ್ತದಲ್ಲ, ಆ ಬಿಸುಪು. ಹುಬ್ಬು ಗಂಟು ಹಾಕಿ ನನ್ನನ್ನು ನೋಡಿತು. "ಏನವ್ವಾ, ಯಾಕವ್ವಾ, ಬಂದಿ ಏನ್ ನಮ್ಮವ್ವಾ" ಎಂದೆ. ಬೀಗತಿ ಪಕ್ಕದಲ್ಲಿ ಕೂತು, ಬಗ್ಗಿ, ‘ತೇತಾ, ತೇತಾ’ ಎಂದರು. ಅವರ ಭಾಷೆಯಲ್ಲಿ ತೇತಾ ಎಂದರೆ ಅಜ್ಜಿ; ಅಲ್ಲಿ ಅಜ್ಜಿಯಾದವಳು ಮೊಮ್ಮಗಳನ್ನು ಅಜ್ಜಿ ಎಂದೇ ಕರೆಯುತ್ತಾಳಂತೆ. ಎಂಥ ವಿಚಿತ್ರ ಮಂದಿ ಎಂದುಕೊಂಡೆ. ಎಂದುಕೊಂಡು ಮತ್ತೆ "ನಮ್ಮವ್ವಾ" ಎಂದೆ ಆ ಅಂಗೈಯಷ್ಟು ಮುಖಕ್ಕೆ. ಆಮೇಲೆ ನನಗೇ ನಗು ಬಂತು.

ತೋಳು ಜೋಮು ಹಿಡಿಯಿತು. ಬೀಗತಿ ಮೊಣಕೈ ಕೆಳಗೆ ದಿಂಬು ಇಟ್ಟರು. ಇಟ್ಟ ಕೈಯನ್ನು ಹಿಂದೆ ತೆಗೆಯಲಿಲ್ಲ, ಹಾಗೆಯೇ ಮುಂದಕ್ಕೆ ಜಾರಿಸಿ ಕೂಸಿನ ತಲೆಯ ಕೆಳಗೆ ತೂರಿಸಿದರು. ನಾನು "ಇನ್ನೊಂದ್ ಸ್ವಲ್ಪ ತಡೀರಿ" ಎಂದೆ.

ಅವರು ತಡೆಯಲಿಲ್ಲ.